ಡಾಕ್ಟರ ಕೋಣೆಯಲ್ಲಿ ಓಡಾಡಿದ ‘ರನ್’

ದೊಡ್ಡ ದೊಡ್ಡ ಇಂಗ್ಲಿಷ್ ಪದಗಳು ನಮ್ಮ ಅತ್ತೆಗೆ ಯಾವತ್ತೂ ತೊಂದರೆ ಕೊಟ್ಟಿಲ್ಲ. ಬಿಪಿ, ಶುಗರ್, ಥೈರಾಯ್ಡ್, ಇಸಿಜಿ, ಸ್ಕ್ಯಾನಿಂಗ್, ಕೊಲೆಸ್ಟ್ರಾಲ್ ಎಲ್ಲವೂ ಅವರ ಪಾಲಿಗೆ ಕನ್ನಡವೇ. ಅರಸೀಕೆರೆಯ ಮನೆ ಜಗಲಿಯಲ್ಲಿ ಅಕ್ಕಪಕ್ಕದವರು ಕೂತರೆ ಇವೇ ಮಾತು. ಇಂಗ್ಲೆಂಡಿಗೆ ಬಂದಾಗ ಅವರನ್ನು ಕಾಡಿದ್ದು ಇವು ಯಾವುವೂ ಅಲ್ಲ. ಮೂರನೇ ಕ್ಲಾಸಿನ ಮಗುವಿಗೂ ಗೊತ್ತಿರುವ ‘ರನ್’.

ಅವರು ಲೀಡ್ಸಿನ ನಮ್ಮ ಮನೆಗೆ ಬಂದದ್ದು ಚಳಿಗಾಲದಲ್ಲಿ. ಬಂದ ಸ್ವಲ್ಪ ದಿನಕ್ಕೇ ಸೊಂಟ ಹಿಡಿದುಕೊಂಡಿತು. ಅದರ ಮೇಲೆ ನೆಗಡಿ, ಮೈಯೂ ಬೆಚ್ಚಗಿತ್ತು. ಬೆಳಗ್ಗೆ 8 ಗಂಟೆಗೆ ಫೋನ್ ಹಚ್ಚಿ, ಸರದಿಯಲ್ಲಿ ಕಾದು, ಅದೇ ದಿನಕ್ಕೆ ಡಾಕ್ಟರ ಸಮಯ ಸಿಕ್ಕಿತು. “ಹೊರಡಿ ಅತ್ತೆ, ಸರ್ಜರಿಗೆ ಹೋಗೋಣ” ಅಂದೆ. ಅವರ ಮುಖ ಬಿಳಿಚಿಕೊಂಡಿತು. ಈ ದೇಶದಲ್ಲಿ ಮಾಮೂಲಿ ಡಾಕ್ಟರ ಕ್ಲಿನಿಕ್ಕಿಗೇ ಸರ್ಜರಿ ಅನ್ನುತ್ತಾರೆ, ಯಾರೂ ಕುಯ್ಯುವುದಿಲ್ಲ ಅಂತ ಹೇಳಿ, ಸ್ವೆಟರ್ ಹಾಕಿಸಿ, ಕೈ ಹಿಡಿದು ಹೊರಡಿಸಿದೆ.

ಅಲ್ಲಿ ಕೌಂಟರಿನ ಹುಡುಗಿ ನಗುಮುಖದಿಂದ “ಡಾಕ್ಟರ್ ಈಸ್ ರನ್ನಿಂಗ್ ಲೇಟ್” ಅಂದಳು. ಅತ್ತೆ ಬಾಗಿಲ ಕಡೆ ನೋಡಿದರು.

“ಎಲ್ಲಿಗೆ ಓಡ್ತಿದ್ದಾರಂತೆ?”

“ಓಡ್ತಿಲ್ಲ ಅತ್ತೆ. ಒಬ್ಬೊಬ್ಬರನ್ನೂ ನೋಡೋದು ತಡ ಆಗ್ತಿದೆ ಅಂತ.”

ಅತ್ತೆಗೆ ‘ರನ್’ ಚೆನ್ನಾಗಿಯೇ ಗೊತ್ತು. 1983ರ ವಿಶ್ವಕಪ್ ಫೈನಲ್ಲಿನ ಕಾಮೆಂಟರಿಯನ್ನು ಮಾವನ ಜೊತೆ ರೇಡಿಯೊಗೆ ಕಿವಿ ಹಚ್ಚಿ ಕೇಳಿದವರು ಅವರು. ನಮ್ಮವರು 183ಕ್ಕೆ ಔಟಾಗಿ, ವೆಸ್ಟ್ ಇಂಡೀಸನ್ನು 140ಕ್ಕೆ ಕಟ್ಟಿಹಾಕಿ, 43 ರನ್ನಿನಿಂದ ಗೆದ್ದದ್ದನ್ನು ಈಗಲೂ ನಿನ್ನೆ ನಡೆದಂತೆ ಹೇಳುತ್ತಾರೆ. ಓಡುವುದು, ಓಡಿ ಗಳಿಸುವುದು, ಇವೆರಡು ಅರ್ಥ ಅವರಿಗೆ ಗಟ್ಟಿ. ಆವತ್ತು ಕೇಳಿದ ರನ್ನುಗಳಲ್ಲಿ ಆ ಎರಡೂ ಇರಲಿಲ್ಲ.

ಮೊದಲು ನರ್ಸ್ ಕರೆದರು. ಹೆಸರು ನೋಡಿ “ಕರ್ನಾಟಕದವರಾ? ಎಂತ ಆಯ್ತು ಅಮ್ಮ?” ಅಂತ ಅಪ್ಪಟ ಮಂಗಳೂರು ಕನ್ನಡದಲ್ಲಿ ಮಾತಾಡಿಸಿದಾಗ ಅತ್ತೆಯ ಅರ್ಧ ಜ್ವರ ಅಲ್ಲೇ ಇಳಿಯಿತು. ಮೈ ಬಿಸಿ ನೋಡಿ, ಕಂಪ್ಯೂಟರಿಗೆ ಬರೆಯುತ್ತಾ ತಮ್ಮಷ್ಟಕ್ಕೆ ಇಂಗ್ಲಿಷಿನಲ್ಲಿ ಹೇಳಿಕೊಂಡರು: “ರನ್ನಿಂಗ್ ಎ ಟೆಂಪರೇಚರ್, ರನ್ನಿ ನೋಸ್.” ಜ್ವರ ಇದೆ, ಮೂಗು ಸೋರುತ್ತಿದೆ. ಅತ್ತೆ ನನ್ನ ಕಡೆ ತಿರುಗಿದರು. “ಇವರೂ ರನ್ ಅಂದ್ರಲ್ಲ!”

ನರ್ಸಿಗೆ ಖುಷಿಯಾಯಿತು. ತಮ್ಮ ಕಥೆ ಹೇಳಿದರು. ನರ್ಸಿಂಗ್ ಓದಿದ್ದೆಲ್ಲ ಇಂಗ್ಲಿಷಿನಲ್ಲೇ. ಇಲ್ಲಿಗೆ ಬರುವ ಮುಂಚೆ ಭಾಷೆಯ ಪರೀಕ್ಷೆಯನ್ನೂ ಪಾಸು ಮಾಡಿಕೊಂಡಿದ್ದರು. ನ್ಯುಮೋನಿಯಾ, ಹೈಪರ್‌ಟೆನ್ಶನ್ ಯಾವುದೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ವಾರ್ಡಿನ ಅಜ್ಜ ಅಜ್ಜಿಯರ ಮಾತು. ಒಬ್ಬರು “ಐ ಆಮ್ ರನ್ ಡೌನ್” ಅಂದರೆ ಸುಸ್ತಾಗಿ ಬಸವಳಿದಿದ್ದೇನೆ ಅಂತ. ಇನ್ನೊಬ್ಬರು “ಐ ಹ್ಯಾವ್ ಗಾಟ್ ದ ರನ್ಸ್” ಅಂದರೆ ಬೇದಿ ಆಗುತ್ತಿದೆ ಅಂತ. “ನಾವು ಊರಲ್ಲಿ ಲೂಸ್ ಮೋಷನ್ ಹೇಳುದಲ್ವಾ, ಅದು ಇವ್ರಿಗೆ ಗೊತ್ತಿಲ್ಲ. ಇವ್ರ ರನ್ಸ್ ನಂಗೆ ಗೊತ್ತಿರ್ಲಿಲ್ಲ. ಒಂದೇ ಕಾಯಿಲೆ ಮಾರಾಯ್ರೆ!” ಆಸ್ಪತ್ರೆಯಲ್ಲಿ ಇಂಥ ಮಾತು ಅರ್ಥವಾಗದಿದ್ದರೆ ಎಷ್ಟು ಅಪಾಯ ಅಂತ ನಾನು ಯೋಚಿಸಿದ್ದು ಆಗಲೇ.

ಡಾಕ್ಟರ್ ಒಳ್ಳೆಯ ಹೆಂಗಸು. ನಿಧಾನವಾಗಿ, ಸ್ಪಷ್ಟವಾಗಿ ಮಾತಾಡಿದರು. ಆದರೆ ಮಾತು ನಿಧಾನವಾದ ಮಾತ್ರಕ್ಕೆ ಸುಲಭವಾಗುವುದಿಲ್ಲ. ನೋವು ಕಾಲಿನವರೆಗೂ ‘ರನ್’ ಆಗುತ್ತದಾ? ಮನೆತನದಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ‘ರನ್’ ಆಗುತ್ತದಾ? ಊರಿಂದ ತಂದ ಮಾತ್ರೆ ‘ರನ್ ಔಟ್’ ಆಗಿದೆಯಾ? ರಕ್ತದ ಕೆಲವು ಪರೀಕ್ಷೆ ‘ರನ್’ ಮಾಡೋಣ. ರನ್ ಔಟ್ ಅಂದಾಗ ಅತ್ತೆ ತಲೆಯೆತ್ತಿದರು. ಅದು ಅವರಿಗೆ ಗೊತ್ತಿದ್ದ ಪದ. ಮಾತ್ರೆ ಹೇಗೆ ರನ್ ಔಟ್ ಆಗುತ್ತದೆ ಅನ್ನುವುದು ಮಾತ್ರ ತಿಳಿಯಲಿಲ್ಲ. ಮುಗಿದಿದೆಯಾ ಅಂತ ಕೇಳ್ತಿದ್ದಾರೆ ಅಂದೆ. “ಆರು ತಿಂಗಳಿಗೆ ಆಗುವಷ್ಟು ತಂದಿದ್ದೀನಿ ಅನ್ನಮ್ಮ” ಅಂದರು.

ಆ ರಾತ್ರಿ ನಾನು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನು ತೆರೆದು ಕೂತೆ. 1989ರ ಎರಡನೇ ಆವೃತ್ತಿಯಲ್ಲಿ ಅತಿ ಹೆಚ್ಚು ಜಾಗ ಹಿಡಿದಿದ್ದ ಪದ ‘ಸೆಟ್’. ಕ್ರಿಯಾಪದವಾಗಿ ಅದೊಂದಕ್ಕೇ 430 ಅರ್ಥ. ಸೆಟ್ ದೋಸೆಯ ನಾಡಿನವರಾದ ನಮಗೆ ಅದು ಎಷ್ಟು ಸಣ್ಣ ಪದ ಅಲ್ವಾ! ಆಮೇಲೆ 2011ರಲ್ಲಿ ‘ರನ್’ ಅದನ್ನು ಹಿಂದೆ ಹಾಕಿತು. ಬರೀ ಕ್ರಿಯಾಪದವಾಗಿಯೇ 645 ಅರ್ಥ. ಪೀಟರ್ ಗಿಲಿವರ್ ಎಂಬ ನಿಘಂಟುಕಾರರು ಇದೊಂದು ಪದದ ಮೇಲೆ ಒಂಬತ್ತು ತಿಂಗಳಿಗೂ ಹೆಚ್ಚು ಕಾಲ ಕೆಲಸ ಮಾಡಿದ್ದಾರೆ. ಒಂದು ಪದಕ್ಕೆ ಅಷ್ಟು ತಾಳ್ಮೆ ಕೊಟ್ಟ ಮನುಷ್ಯನ ಬಗ್ಗೆ ನನಗೆ ನಿಜಕ್ಕೂ ಗೌರವ ಬಂತು.

ಇಷ್ಟೊಂದು ಅರ್ಥ ಎಲ್ಲಿಂದ ಬಂದವು? ಒಂದು ಬೇರು ಬಹಳ ಹಳೆಯದು. ಹಳೆಯ ಇಂಗ್ಲಿಷಿನಲ್ಲೇ ಈ ಪದಕ್ಕೆ ಓಡುವುದು ಮತ್ತು ಹರಿಯುವುದು ಎರಡೂ ಅರ್ಥವಿತ್ತು. ಇದರ ಬಳಗದ ಜರ್ಮನ್ ಪದಕ್ಕೆ ಇವತ್ತಿಗೂ ಹರಿಯುವುದೆಂದೇ ಅರ್ಥ. ನದಿ, ನಲ್ಲಿ, ಕಣ್ಣೀರು, ಮೂಗು, ಬಟ್ಟೆಯ ಬಣ್ಣ ಎಲ್ಲವೂ ಇಂಗ್ಲಿಷಿನಲ್ಲಿ ರನ್ ಆಗುವುದು ಈ ಹರಿವಿನಿಂದ. ಕಾಲಿಗೆ ಇಳಿಯುವ ನೋವು, ವಂಶದಲ್ಲಿ ಇಳಿದು ಬರುವ ಕಾಯಿಲೆ ಕೂಡ ಹೀಗೆ ಹರಿದು ಬಂದವೇ ಅಂತ ನನಗನ್ನಿಸುತ್ತದೆ. ಇನ್ನೊಂದು ಕಡೆಯಿಂದ ಯಂತ್ರಗಳು ಬಂದವು. ರೈಲು, ಗಿರಣಿ, ಎಂಜಿನ್ನುಗಳೆಲ್ಲ ರನ್ ಆಗತೊಡಗಿದವು. ಈಗ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ರನ್ ಆಗುತ್ತದೆ. ಪ್ರಯೋಗಾಲಯದಲ್ಲಿ ಅತ್ತೆಯ ರಕ್ತವೂ ಹಾಗೇ.

ನಮ್ಮ ಭಾಷೆಗೆ ಇದು ಹೊಸದೇನಲ್ಲ. ‘ಹಿಡಿ’ ಅನ್ನುವುದನ್ನೇ ನೋಡಿ. ಸೊಂಟ ಹಿಡಿಯುತ್ತದೆ, ಶೀತ ಹಿಡಿಯುತ್ತದೆ, ಮಳೆ ಹಿಡಿಯುತ್ತದೆ, ತುಕ್ಕು ಹಿಡಿಯುತ್ತದೆ, ಉಪ್ಪಿನಕಾಯಿಗೆ ಉಪ್ಪು ಹಿಡಿಯುತ್ತದೆ. ಬಸ್ಸನ್ನೂ ಹಿಡಿಯುತ್ತೇವೆ. ಅತ್ತೆ “ಸೊಂಟ ಹಿಡ್ಕೊಂಡಿದೆ” ಅಂದದ್ದನ್ನು ನಾನು ಪದಕ್ಕೆ ಪದ ಇಟ್ಟು ಇಂಗ್ಲಿಷಿಗೆ ಹೇಳಿದ್ದರೆ ಆ ಡಾಕ್ಟರಿಗೆ ಏನು ತಿಳಿಯುತ್ತಿತ್ತು? ‘ಚಳಕು’ ಅನ್ನುವುದಕ್ಕಂತೂ ನನಗೆ ಆ ಕೋಣೆಯಲ್ಲಿ ಸರಿಯಾದ ಮಾತೇ ಸಿಗಲಿಲ್ಲ. ಕೈಯಲ್ಲಿ ತೋರಿಸಿದೆ. ಒಂದು ವಿಚಾರ ಮಾತ್ರ ನನಗೆ ತುಂಬ ಇಷ್ಟವಾಯಿತು. ಇಂಗ್ಲಿಷಿನವರ ಅಂಗಡಿ, ಶಾಲೆ, ಸಂಘ, ಸರ್ಕಾರ ಎಲ್ಲ ಓಡುತ್ತವೆ. ನಮ್ಮವು ನಡೆಯುತ್ತವೆ. ಸಿನಿಮಾ ಮಾತ್ರ ಇಬ್ಬರಲ್ಲೂ ಓಡುತ್ತದೆ.

ಆವತ್ತಿನ ಒಂದು ಗಳಿಗೆ ನನ್ನ ಮನಸ್ಸಿನಿಂದ ಹೋಗಿಲ್ಲ. ಸೊಂಟದಿಂದ ಕಾಲಿಗೆ ಇಳಿಯುವ ನೋವು ಅಂದಾಗ ಡಾಕ್ಟರು ಕೇಳಲೇಬೇಕಾದ ಕೆಲವು ಪ್ರಶ್ನೆಗಳಿವೆ. ಮೂತ್ರ ಹಿಡಿತದಲ್ಲಿದೆಯಾ, ತೊಡೆಗಳ ನಡುವೆ ಮರಗಟ್ಟಿದ ಹಾಗಿದೆಯಾ ಅಂತ. ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲಿಗೆ ಒತ್ತಡ ಬಿದ್ದಿದ್ದರೆ ತಡ ಮಾಡುವ ಹಾಗಿಲ್ಲ. ಅದಕ್ಕೇ ಈ ಪ್ರಶ್ನೆ. ನಾನು ಕನ್ನಡದಲ್ಲಿ ಕೇಳಿದೆ. ಅತ್ತೆ ನನ್ನ ಮುಖ ನೋಡಲಿಲ್ಲ. “ಅದೆಲ್ಲ ಏನಿಲ್ಲ ಅನ್ನು” ಅಂದರು, ಬೇಗ. ಮಗನ ಹೆಂಡತಿಯ ಬಾಯಲ್ಲಿ ಅಂಥ ಮಾತು ಕೇಳಿ ಹೂಂ ಅನ್ನುವುದು ಸುಲಭವಲ್ಲ. ಡಾಕ್ಟರಿಗೆ ಅದು ಹೇಗೋ ತಿಳಿಯಿತು. ಮುಂದಿನ ಸಲ ಫೋನಿನಲ್ಲಿ ದುಭಾಷಿಯನ್ನು ಗೊತ್ತು ಮಾಡುತ್ತೇನೆ, ಮನೆಯವರಿಗಿಂತ ಅದೇ ಒಳ್ಳೆಯದು ಅಂದರು. ಅದಕ್ಕೆ ರೋಗಿ ದುಡ್ಡು ಕೊಡಬೇಕಿಲ್ಲ. ಇಲ್ಲಿರುವ ಎಷ್ಟೋ ಕನ್ನಡದ ಮನೆಗಳಿಗೆ ಇದು ಗೊತ್ತಿಲ್ಲ. ಗೊತ್ತಿದ್ದರೂ, ನಾವೇ ಇದ್ದೀವಲ್ಲ ಅಂತ ಬೇಡ ಅನ್ನುತ್ತೇವೆ. ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ ದಯವಿಟ್ಟು ಕೇಳಿ ಪಡೆಯಿರಿ.

ಮುಂದಿನ ಭೇಟಿಯಲ್ಲಿ ನಾನು ಕೋಣೆಯ ಹೊರಗೆ ಕೂರಲು ಎದ್ದೆ. ಅತ್ತೆಯೇ ಬೇಡ, ಇರು ಅಂದರು. ಸ್ಪೀಕರಿನಲ್ಲಿ ಒಬ್ಬ ಹೆಂಗಸಿನ ದನಿ ಬಂತು. ಹೆಸರಿಲ್ಲ, ಊರಿಲ್ಲ, ಒಳ್ಳೆಯ ಕನ್ನಡ. ಡಾಕ್ಟರು ಅದೇ ರನ್ ಹಾಕಿಯೇ ಕೇಳಿದರು. “ಅಮ್ಮ, ಈ ನೋವು ಸೊಂಟದಿಂದ ಶುರುವಾಗಿ ಕಾಲಿಗೆ ಇಳಿಯುತ್ತಾ?” ಅಂತ ಆ ದನಿ ಕೇಳಿತು.

“ಇಳಿಯುತ್ತಮ್ಮ, ಇಳಿಯುತ್ತೆ. ಹಿಮ್ಮಡಿಯವರೆಗೂ.”

ಆಮೇಲೆ ಅತ್ತೆ ಫೋನಿನ ಹತ್ತಿರ ಕುರ್ಚಿ ಎಳೆದುಕೊಂಡು ಹೇಳುತ್ತಲೇ ಹೋದರು. ಅಂಗಾಲು ಉರಿಯುತ್ತದೆ. ರಾತ್ರಿ ಹೊರಳಿದರೆ ಎಚ್ಚರವಾಗುತ್ತದೆ. ಮೂತ್ರಕ್ಕೆ ರಾತ್ರಿ ಬಹಳ ಸಲ ಏಳುತ್ತಾರೆ. ಇದ್ಯಾವುದನ್ನೂ ನನಗಾಗಲಿ ತಮ್ಮ ಮಗನಿಗಾಗಲಿ ಅವರು ಹೇಳಿರಲಿಲ್ಲ. ಡಾಕ್ಟರ್ ಎಲ್ಲವನ್ನೂ ಬರೆದುಕೊಂಡು, ಇನ್ನೆರಡು ಪ್ರಶ್ನೆ ಕೇಳಿ, ಕಾಲುಗಳನ್ನು ಮತ್ತೊಮ್ಮೆ ಪರೀಕ್ಷಿಸಿದರು. ರಾತ್ರಿ ಹೊತ್ತಿಗೆ ಒಂದು ಮಾತ್ರೆ ಸೇರಿಸಿದರು. ಶುಗರ್ ಪರೀಕ್ಷೆಯನ್ನು ಅದೇ ವಾರ ಮಾಡಿಸಿದರು.