ಆಗ ಹೊಸಬರಾಗಿದ್ದವರು

ನಾವು ಬಿಎಸ್ಸಿ ಪಿಎಂಸಿಎಸ್‌ಗೆ (ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್) ಸೇರಿದ ವರ್ಷ ಗಣಿತ ವಿಭಾಗಕ್ಕೆ ಮೂವರು ಹೊಸಬರು ಬಂದರು. ಕಂಪ್ಯೂಟರ್ ಸೈನ್ಸ್‌ಗೆ ಆಗಿನ್ನೂ ಬೇರೆ ವಿಭಾಗ ಇರಲಿಲ್ಲ. ಗಣಿತದವರ ಸ್ಟಾಫ್ ರೂಮಿನಲ್ಲೇ ಮೂರು ಕುರ್ಚಿ ಜಾಸ್ತಿ ಹಾಕಿದ್ದರು, ಅಷ್ಟೆ. ಕಂಪ್ಯೂಟರ್ ಪಾಠ ಅಂದರೆ ಟೈಪಿಂಗ್ ಪಾಠ ಅಂತ ಹಳೆಯ ಮೇಷ್ಟ್ರು ಕೆಲವರು ತಮಾಷೆ ಮಾಡುತ್ತಿದ್ದರು.

ಮೇಡಂ ಒಬ್ಬರು ಲ್ಯಾಬ್ ನೋಡಿಕೊಳ್ಳುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವ ತಂತ್ರಾಂಶ ಟರ್ಬೊ ಸಿಯ ನೀಲಿ ಪರದೆ ಮುಂದೆ ಕೂರಿಸಿ, ಫ್ಯಾಕ್ಟೋರಿಯಲ್ ಪ್ರೋಗ್ರಾಮ್ ಬರೆಸಿದರು. 7ಕ್ಕೆ 5040 ಬಂತು, ಸರಿ. 8 ಕೊಟ್ಟರೆ −25216! ಒಂದರಿಂದ ಎಂಟರವರೆಗೆ ಗುಣಿಸಿದರೆ ಮೈನಸ್ ಎಲ್ಲಿಂದ ಬರಬೇಕು? ಮೇಡಂ ನಗುತ್ತಾ ನಿಂತಿದ್ದರು. ಅದನ್ನು ತೋರಿಸಲೆಂದೇ ಬರೆಸಿದ್ದು. ಅಲ್ಲಿ ಇಂಟ್‌ಗೆ, ಅಂದರೆ ಪೂರ್ಣಾಂಕಕ್ಕೆ, ಇರುವುದು 16 ಬಿಟ್ (0 ಅಥವಾ 1 ಹಿಡಿಸುವ ಮನೆ) ಜಾಗ. 32767ರ ಆಚೆ ಹಿಡಿಸುವುದಿಲ್ಲ. ಹಾಗಾಗಿ ನಿಜವಾದ ಉತ್ತರ 40320ರಲ್ಲಿ 65536 (16 ಬಿಟ್‌ನಲ್ಲಿ ಬರೆಯಬಹುದಾದ ಒಟ್ಟು ಸಂಖ್ಯೆಗಳು) ಕಳೆದು ಉಳಿದದ್ದು ಪರದೆ ಮೇಲೆ ಬರುತ್ತದೆ. ಗಣಿತದ ಸಂಖ್ಯೆಗೆ ಕೊನೆ ಇಲ್ಲ, ಯಂತ್ರದ ಸಂಖ್ಯೆಗೆ ಇದೆ ಅಂತ ಆವತ್ತು ಗೊತ್ತಾಯಿತು. ಮುಂದೆ ಕೆಲಸಕ್ಕೆ ಸೇರಿದ ಮೇಲೂ ಇಷ್ಟು ಉಪಯೋಗಕ್ಕೆ ಬಂದ ಪಾಠ ಇನ್ನೊಂದಿಲ್ಲ.

ಇನ್ನೊಬ್ಬರು ನ್ಯೂಮೆರಿಕಲ್ ಮೆಥಡ್ಸ್ ತೆಗೆದುಕೊಂಡ ಸಾರ್. ಬಹಳ ಮೆತ್ತಗೆ ಮಾತಾಡುವವರು, ಹಿಂದಿನ ಬೆಂಚಿಗೆ ಏನೂ ಕೇಳುತ್ತಿರಲಿಲ್ಲ. ಒಮ್ಮೆ ಅಂದಾಜನ್ನು ಮತ್ತೆ ಮತ್ತೆ ತಿದ್ದುತ್ತಾ ಉತ್ತರಕ್ಕೆ ಹತ್ತಿರ ಹೋಗುವ ನ್ಯೂಟನ್-ರಾಫ್ಸನ್ ವಿಧಾನದಲ್ಲಿ 2ರ ವರ್ಗಮೂಲ ಹುಡುಕುತ್ತಿದ್ದರು. 1ರಿಂದ ಶುರು ಮಾಡಿ 3/2, ಆಮೇಲೆ 17/12, ಆಮೇಲೆ 577/408. ಆ ಹೊತ್ತಿಗೆ ಕಾರಿಡಾರಿನಲ್ಲಿ ಹೋಗುತ್ತಿದ್ದ ಎಚ್‌ಓಡಿ (ವಿಭಾಗದ ಮುಖ್ಯಸ್ಥರು) ಬಾಗಿಲಲ್ಲೇ ನಿಂತರು. "ಇದು ಬೌಧಾಯನ ಶುಲ್ಬಸೂತ್ರದಲ್ಲಿ ಇದೆಯಲ್ರೀ!" ಅಂದರು. ಯಜ್ಞವೇದಿ ಕಟ್ಟುವ ಅಳತೆಗಳ ಪ್ರಾಚೀನ ಗ್ರಂಥ ಅದು. ಒಳಗೆ ಬಂದು ಸೀಮೆಸುಣ್ಣ ತೆಗೆದುಕೊಂಡು 1 + 1/3 + 1/12 − 1/408 ಅಂತ ಬರೆದರು. ಕೂಡಿ ನೋಡಿದರೆ ಅದೇ 577/408. ದಶಾಂಶದಲ್ಲಿ 1.414215, ಐದು ಸ್ಥಾನದವರೆಗೆ ಸರಿ. ಇಬ್ಬರೂ ನಮ್ಮನ್ನು ಮರೆತು ಅರ್ಧ ಗಂಟೆ ಮಾತಾಡಿದರು. ಟೈಪಿಂಗ್ ತಮಾಷೆ ಆಮೇಲೆ ನಮ್ಮ ಕಿವಿಗೆ ಬೀಳಲಿಲ್ಲ.

ಮೂರನೆಯವರು ಅತಿಥಿ ಉಪನ್ಯಾಸಕರು. ಗಂಟೆ ಲೆಕ್ಕದ ಸಂಬಳ, ಅದೂ ತಡವಾಗಿ. ಬೆಳಿಗ್ಗೆ ಇನ್ನೊಂದು ಕಾಲೇಜಿನಲ್ಲಿ ಪಾಠ ಮುಗಿಸಿ ಬಸ್ ಹಿಡಿದು ಬರುತ್ತಿದ್ದರು. ಗ್ರಾಫ್ ಥಿಯರಿಗೆ (ಬಿಂದುಗಳನ್ನು ಸೇರಿಸುವ ಗೆರೆಗಳ ಗಣಿತ) ಗಣಿತಜ್ಞ ಆಯ್ಲರ್‌ನ ಏಳು ಸೇತುವೆಗಳ ಕಥೆಯನ್ನು, ಒಂದನ್ನೂ ಎರಡು ಸಲ ದಾಟದೆ ಏಳನ್ನೂ ದಾಟಬಹುದಾ ಅನ್ನುವ ಪ್ರಶ್ನೆಯನ್ನು, ಎರಡೇ ಮಾತಲ್ಲಿ ಮುಗಿಸಿ, ನಮ್ಮ ತಾಲ್ಲೂಕಿನ ಬಸ್ ರೂಟುಗಳನ್ನು ಬೋರ್ಡಿನ ಮೇಲೆ ಬಿಡಿಸಿದರು. ಯಾವ ರಸ್ತೆಯಲ್ಲೂ ಎರಡು ಸಲ ಹೋಗದೆ ಎಲ್ಲ ರಸ್ತೆ ಮುಗಿಸಬಹುದಾ ಅಂತ ಕೇಳಿದರು. ಆ ರಸ್ತೆಗಳನ್ನು ಅವರಷ್ಟು ಸುತ್ತಿದವರು ಯಾರಿದ್ದರು ಬಿಡಿ. ವರ್ಷದ ನಡುವೆ ಬೇರೆ ಕಡೆ ಕಾಯಂ ಕೆಲಸ ಸಿಕ್ಕಿ ಹೋದರು. ಆ ವರ್ಷದ ಕಾಲೇಜು ಸಂಚಿಕೆಯ ಸಿಬ್ಬಂದಿ ಪಟ್ಟಿಯಲ್ಲಿ ಅವರ ಹೆಸರೂ ಇರಲಿಲ್ಲ, ಫೋಟೋದಲ್ಲಿ ಅವರೂ ಇರಲಿಲ್ಲ.

ಈ ಸಲದ ಸಂಚಿಕೆಯಲ್ಲಿ ವಿಭಾಗದ ಹೊಸಬರ ಪರಿಚಯ ಹಾಕುತ್ತಾರಂತೆ. ಅತಿಥಿ ಉಪನ್ಯಾಸಕರನ್ನೂ ಸೇರಿಸಿ ಅಂತ ಸಂಪಾದಕರಿಗೆ ಹೇಳಿದ್ದೇನೆ.