ಸಿಎಸ್‌ಕೆಎ ಬ್ಯಾಡ್ಜ್ ಪಟ್ಟಿ: ಹೆಸರಿನ ಗಂಟು ಬಿಚ್ಚಿತು

ಮಾಸ್ಕೋದ ಸೇನಾ ಕ್ರೀಡಾ ಕ್ಲಬ್ಬು ಸಿಎಸ್‌ಕೆಎಯ ಬ್ಯಾಡ್ಜ್, ಪೆನೆಂಟ್ (ಪುಟ್ಟ ಬಾವುಟ), ಪಂದ್ಯದ ಕಾರ್ಯಕ್ರಮ ಪತ್ರಿಕೆಗಳ ಸ್ಪ್ರೆಡ್‌ಶೀಟ್ ಪಟ್ಟಿಯಲ್ಲಿ ಈ ವಾರ ಹುಡುಕಿದ್ದು ಕೊನೆಗೂ ಸಿಗುತ್ತಿದೆ. ಸ್ಕ್ಯಾನ್, ಅಳತೆ, ಹಿಂಬದಿಯ ಪಿನ್ನು ಎಲ್ಲ ಮಾಮೂಲಿ, ಅದನ್ನು ಬಿಡೋಣ. ತಲೆ ತಿಂದದ್ದು ಹೆಸರು.

ಕ್ಲಬ್ಬು ಒಂದೇ, ಹೆಸರು ಆರು. 1911ರಲ್ಲಿ ಸ್ಕೀ ಆಟದ ಆಸಕ್ತರ ಸಂಘವಾಗಿ ಓಎಲ್‌ಎಲ್‌ಎಸ್. 1923ರಲ್ಲಿ ಸೇನೆಯ ಕೈಗೆ ಬಂದು ಓಪಿಪಿವಿ. 1928ರಿಂದ ಸಿಡಿಕೆಎ, ಅಂದರೆ ಕೆಂಪು ಸೇನೆಯ ಕೇಂದ್ರ ಭವನ. ಸೇನೆ 1946ರಲ್ಲೇ 'ಸೋವಿಯತ್ ಸೇನೆ' ಆದರೂ ಕ್ಲಬ್ಬಿನ ಹೆಸರಿನಲ್ಲಿ 'ಕ್ರಾಸ್ನಾಯಾ'ದ (ಕೆಂಪು) ಕೆ ಹೋಗಿ ಎಸ್ ಬಂದದ್ದು 1951ರಲ್ಲಿ: ಸಿಡಿಎಸ್‌ಎ. 1957ರಲ್ಲಿ ರಕ್ಷಣಾ ಸಚಿವಾಲಯದ ಹೆಸರು ಹೊತ್ತು ಸಿಎಸ್‌ಕೆ ಎಂಓ. 1960ರಿಂದ ಸಿಎಸ್‌ಕೆಎ.

ಇದು ಗೊತ್ತಿದ್ದರೆ ದುಡ್ಡು ಉಳಿಯುತ್ತದೆ. ಫುಟ್‌ಬಾಲ್ ತಂಡದ ಏಳು ಸೋವಿಯತ್ ಪ್ರಶಸ್ತಿಗಳಲ್ಲಿ 1946, 1947, 1948, 1950, 1951ರ ಐದೂ ಹಳೇ ಹೆಸರುಗಳಲ್ಲೇ ಬಂದವು. '1948ರ ಚಾಂಪಿಯನ್' ಎಂದು ಬರೆದ ಬ್ಯಾಡ್ಜಿನ ಮೇಲೆ ಸಿಎಸ್‌ಕೆಎ ಎಂದಿದ್ದರೆ ಅದು 1960ಕ್ಕಿಂತ ಈಚಿನ ಸ್ಮರಣಾರ್ಥದ ಮಾಲು. ಮಾರುವವರು ಇದನ್ನು 'ಆ ಕಾಲದ್ದೇ' ಎಂದು ಮೂರು ಪಟ್ಟು ಬೆಲೆಗೆ ಕೂಗುವುದು ನಿಲ್ಲಬೇಕು.

ಇನ್ನು ಅಸಲಿ ಕಾಟ. ಎಸ್‌ಕೆಎ ಎಂಬುದು ಪ್ರಾಂತೀಯ ಸೇನಾ ಕ್ಲಬ್ಬುಗಳ ಹೆಸರು: ರೊಸ್ತೋವ್‌ನ ಫುಟ್‌ಬಾಲ್, ಸೇಂಟ್ ಪೀಟರ್ಸ್‌ಬರ್ಗ್‌ನ ಹಾಕಿ. ರಷ್ಯನ್ ಲಿಪಿಯ ಆ ಮೂರು ಅಕ್ಷರಗಳು ನೋಡಲು ಇಂಗ್ಲಿಷಿನ ಸಿ, ಕೆ, ಎಗಳ ತದ್ರೂಪ. ಪರದೆಯ ಮೇಲೆ ಎರಡೂ ಒಂದೇ. ಕಂಪ್ಯೂಟರಿನ ಒಳಗೆ ಮಾತ್ರ ಅಕ್ಷರಗಳ ಸಂಕೇತ ಸಂಖ್ಯೆ ಬೇರೆ: ರಷ್ಯನ್ನಿನವು 1057, 1050, 1040. ಇಂಗ್ಲಿಷಿನವು 67, 75, 65. ಮಾರುವವರು ಅರ್ಧ ಪಟ್ಟಿ ಒಂದು ಕೀಲಿಮಣೆಯಲ್ಲಿ, ಉಳಿದರ್ಧ ಇನ್ನೊಂದರಲ್ಲಿ ಒತ್ತಿರುತ್ತಾರೆ. ಹುಡುಕಿದರೆ ಅರ್ಧ ಸಾಲು ಮಾಯ, ಫಿಲ್ಟರ್ ಹಾಕಿದರೆ ಒಂದೇ ಹೆಸರು ಎರಡು ಸಲ. ಅಕ್ಷರ ಎಣಿಸಿದರೂ ಮೂರೇ ಬರುವುದರಿಂದ ಸುಳಿವಿಲ್ಲ. ಸ್ಪ್ರೆಡ್‌ಶೀಟಿನ 'ಮಿಡ್' ಸೂತ್ರದಿಂದ ಒಂದೊಂದೇ ಅಕ್ಷರವನ್ನು ಕಿತ್ತು, ಸಂಕೇತ ಸಂಖ್ಯೆ ಹೇಳುವ 'ಯೂನಿಕೋಡ್' ಸೂತ್ರಕ್ಕೆ ಕೊಟ್ಟಾಗಲೇ ಬಣ್ಣ ಬಯಲು.

ಹೀಗೆ ತದ್ರೂಪವಾಗಿರುವ ದೊಡ್ಡಕ್ಷರಗಳು ಒಟ್ಟು 12. ರಷ್ಯಾದ ವಾಹನಗಳ ನಂಬರ್ ಪ್ಲೇಟಿನಲ್ಲಿ ಬಳಸುವುದೂ ಇವೇ 12. ಅಕ್ಷರ ತಿರುಗಿಸುವ ಕೋಷ್ಟಕಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ. ಬ್ಯಾಡ್ಜಿನ ಮೇಲಿದ್ದ ಬರಹ ಒಂದು ಕಾಲಂನಲ್ಲಿ ಹಾಗೇ ಇರಲಿ, ಕೈ ಹಚ್ಚಬಾರದು. ಪಕ್ಕದ ಕೀಲಿ ಕಾಲಂನಲ್ಲಿ (ಹುಡುಕಲು, ಹೊಂದಿಸಲು ಬಳಸುವ ಕಾಲಂ) ಎಲ್ಲವನ್ನೂ ದೊಡ್ಡಕ್ಷರ ಮಾಡಿ, ಖಾಲಿ ಜಾಗ, ಚುಕ್ಕಿ ತೆಗೆದು, ಆ 12ನ್ನೂ ರಷ್ಯನ್ ಕಡೆಗೆ ತಿರುಗಿಸಿ.

ಮೊದಲ ಸಲ ಇಲ್ಲೇ ಕೆಟ್ಟದ್ದು. ಇಂಗ್ಲಿಷಿನಲ್ಲಿ ಸಿಎಸ್‌ಕೆಎ ಎಂದು ಒತ್ತಿದ ಸಾಲಿನ 'ಎಸ್'ಗೆ ತದ್ರೂಪವಿಲ್ಲ. ಉಳಿದ ಮೂರು ರಷ್ಯನ್ ಆಗಿ, ಅದೊಂದು ಇಂಗ್ಲಿಷಾಗಿಯೇ ಉಳಿದು ಯಾವ ಹೆಸರಿಗೂ ಹೊಂದದ ಕಲಬೆರಕೆಯಾಯಿತು. ಹಾಗಾಗಿ ಇಂಗ್ಲಿಷಿನಲ್ಲಿ ಒತ್ತಿದ ಇಡೀ ಹೆಸರನ್ನು ರಷ್ಯನ್ ಹೆಸರಿಗೆ ಬದಲಿಸುವ ಕೋಷ್ಟಕ ಮೊದಲು ಓಡಬೇಕು, ಅಕ್ಷರ ತಿರುಗಿಸುವುದು ಆಮೇಲೆ. ಉಚ್ಚಾರಣೆಯನ್ನು ಕನ್ನಡದಲ್ಲಿ ಬರೆದು ಕೀಲಿ ಮಾಡುವ ಉಪಾಯವೂ ನಡೆಯದು: ರಷ್ಯನ್ನಿನಲ್ಲಿ ಕೆ ಅಕ್ಷರದ ಹೆಸರೇ 'ಕಾ' ಆದ್ದರಿಂದ, ಕೊನೆಯ ಎ ಇದ್ದರೂ ಇಲ್ಲದಿದ್ದರೂ ಕಿವಿಗೆ 'ತ್ಸೆ-ಎಸ್-ಕಾ'.

ಹೆಸರಿನ ಕೋಷ್ಟಕವನ್ನೂ ಆಟದ ವಿಭಾಗದ (ಫುಟ್‌ಬಾಲ್, ಹಾಕಿ) ಕೋಷ್ಟಕವನ್ನೂ ಬೇರೆ ಇಡಿ. 1952ರ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ಫುಟ್‌ಬಾಲ್ ತಂಡ ಯುಗೊಸ್ಲಾವಿಯಾಕ್ಕೆ ಸೋತ ಮೇಲೆ ಕ್ಲಬ್ಬಿನ ಫುಟ್‌ಬಾಲ್ ತಂಡವನ್ನೇ ವಿಸರ್ಜಿಸಿದರು; ಅದು ಮರಳಿದ್ದು 1954ರಲ್ಲಿ. ಹಾಕಿ ತಂಡ ಆಡುತ್ತಲೇ ಇತ್ತು. 1953ರ ಸಾಲಿನಲ್ಲಿ ಸಿಡಿಎಸ್‌ಎ ಹೆಸರು ಸರಿ, ಫುಟ್‌ಬಾಲ್ ತಪ್ಪು. ದೇಶದ ಕಾಲಂ ಕೂಡ ಬೇಕೇ ಬೇಕು: ಬಲ್ಗೇರಿಯಾದ ಸೋಫಿಯಾದಲ್ಲೂ ಇದೇ ನಾಲ್ಕಕ್ಷರದ ಸೇನಾ ಕ್ಲಬ್ಬಿದೆ, ಅದರ ಲಾಂಛನದಲ್ಲೂ ಕೆಂಪು ನಕ್ಷತ್ರವೇ.

ಮುಂದಿನ ಸರದಿ ಇನ್ನೊಂದು ಸೋವಿಯತ್ ಕ್ರೀಡಾ ಸಂಘ ಡೈನಮೋ. ಅಲ್ಲಿ ತೊಡಕು ತಿರುಗುಮುರುಗು: 1923ರಿಂದ ಹೆಸರು ಬದಲಾಗಿಲ್ಲ, ಊರುಗಳೇ ಹಲವು. ಮಾಸ್ಕೋ, ಕೀವ್, ಟಿಬಿಲಿಸಿ, ಮಿನ್ಸ್ಕ್, ಎಲ್ಲದರ ಮೇಲೂ ಅದೇ ಕೂಡಕ್ಷರದ (ಕರ್ಸಿವ್) 'ಡಿ'. ಊರಿನ ಹೆಸರಿಲ್ಲದ ಬ್ಯಾಡ್ಜುಗಳನ್ನು ಸದ್ಯಕ್ಕೆ ಬೇರೆ ಡಬ್ಬಿಗೆ ಹಾಕಿಡಿ.