ಮಗುವಿನ ಕತ್ತಿನ ಗಂಟನ್ನು ದಿನಾ ಮುಟ್ಟಿ ನೋಡಬೇಡಿ

ಜೂನ್‌ನಲ್ಲಿ ಅಂಗನವಾಡಿ, ಪ್ಲೇಸ್ಕೂಲ್ ಶುರುವಾಗಿ, ಮಳೆ ಹಿಡಿದು ಮೂರ್ನಾಲ್ಕು ವಾರ ಆಗುವಷ್ಟರಲ್ಲಿ ಮಂಗಳೂರು, ಉಡುಪಿ ಕಡೆಯ ತಂದೆತಾಯಿಯರಿಂದ ಈ ಪ್ರಶ್ನೆ ಬರತೊಡಗುತ್ತದೆ: "ಮಗುವಿಗೆ ಎರಡು ವರ್ಷ. ಶೀತ, ಜ್ವರ ಬಂದು ಹೋಯಿತು. ಕತ್ತಿನ ಎರಡೂ ಬದಿ ಗಂಟು ಮಾತ್ರ ಹೋಗಲಿಲ್ಲ. ಬಾಯಿ ತೆರೆಸಿದರೆ ಟಾನ್ಸಿಲ್ ಒಂದಕ್ಕೊಂದು ತಾಗುವ ಹಾಗೆ ಕಾಣುತ್ತದೆ. ಟಿಬಿಯೋ, ಕ್ಯಾನ್ಸರೋ? ಆಪರೇಷನ್ ಮಾಡಿಸಬೇಕಾ?"

ಹೆಚ್ಚಿನ ಮಕ್ಕಳಲ್ಲಿ ಇದು ಯಾವುದೂ ಅಲ್ಲ. ಈ ಗಂಟುಗಳು ದುಗ್ಧಗ್ರಂಥಿಗಳು (ಲಿಂಫ್ ನೋಡ್). ಮೂಗು, ಗಂಟಲಿಗೆ ಬಂದ ವೈರಸ್ಸನ್ನು ಹಿಡಿದು ನಿಲ್ಲಿಸುವ ಕೆಲಸದಲ್ಲಿ ಅವು ಊದಿಕೊಳ್ಳುತ್ತವೆ. ಶೀತ ಒಂದು ವಾರದಲ್ಲಿ ಬಿಟ್ಟರೂ ಗಂಟು ಇಳಿಯಲು ಎರಡರಿಂದ ನಾಲ್ಕು ವಾರ ಬೇಕು, ಕೆಲವು ಮಕ್ಕಳಲ್ಲಿ ಸಣ್ಣದಾಗಿ ತಿಂಗಳುಗಟ್ಟಲೆ ಕೈಗೆ ಸಿಗುತ್ತಲೇ ಇರುತ್ತದೆ. ಈ ವಯಸ್ಸಿನಲ್ಲಿ ವರ್ಷಕ್ಕೆ ಆರೆಂಟು ಸಲ ಶೀತ ಬರುವುದು ಸಾಮಾನ್ಯ. ಹಳೆಯ ಊತ ಇಳಿಯುವ ಮೊದಲೇ ಹೊಸ ಶೀತ ಹತ್ತುವುದರಿಂದ ಮಳೆಗಾಲವಿಡೀ ಗಂಟು ಇದ್ದ ಹಾಗೆ ಅನಿಸುತ್ತದೆ.

ಕತ್ತಿನಲ್ಲಿ 1 ಸೆಂ.ಮೀ. ತನಕ, ತೊಡೆಸಂದಿಯಲ್ಲಿ 1.5 ಸೆಂ.ಮೀ. ತನಕ ಗಂಟು ಸಿಗುವುದು ಸಹಜ. ಕಡಲೆಕಾಳಿನಷ್ಟಿದ್ದು, ಮೆತ್ತಗಿದ್ದು, ಬೆರಳಡಿಯಲ್ಲಿ ಜಾರಿ ಆಚೀಚೆ ಹೋದರೆ ಮನೆಯಲ್ಲೇ ಗಮನಿಸಿದರೆ ಸಾಕು. ಸುಲಿದ ಅಡಿಕೆಯಷ್ಟು, ಅಂದರೆ 2 ಸೆಂ.ಮೀ. ಆಗಿದ್ದರೆ ವೈದ್ಯರು ನೋಡಬೇಕು. ದಿನಕ್ಕೆ ಹತ್ತು ಸಲ ಹಿಸುಕಿ ನೋಡುವವರಿಗೆ ಗಂಟು ದಿನಾ ಬೆಳೆದಂತೆ ಕಾಣುತ್ತದೆ, ಮಗುವಿಗೆ ನೋವು ಬೇರೆ. ಎರಡು ವಾರಕ್ಕೊಮ್ಮೆ ಸಾಕು: ಮಗುವನ್ನು ತೊಡೆಯ ಮೇಲೆ ಆಚೆ ಮುಖ ಮಾಡಿ ಕೂರಿಸಿ, ಗಲ್ಲ ಸ್ವಲ್ಪ ಕೆಳಗಿಳಿಸಿ. ಕತ್ತು ಹಿಂದಕ್ಕೆ ವಾಲಿದರೆ ಚರ್ಮ ಬಿಗಿದು ಗಂಟು ಸರಿಯಾಗಿ ಸಿಗುವುದಿಲ್ಲ. ಎರಡು ಬೆರಳಿನ ಮೆತ್ತನೆ ಭಾಗದಿಂದ ಮುಟ್ಟಿ, ಗಂಟಿನ ಎರಡು ಅಂಚಿಗೆ ಬಾಲ್‌ಪೆನ್ನಿನಿಂದ ಚುಕ್ಕಿ ಇಟ್ಟು, ಸ್ಕೇಲಿನಿಂದ ಅಳೆಯಿರಿ. ತಾರೀಕು, ಬದಿ, ಅಳತೆ ಬರೆದಿಡಿ. "ಮೊದಲಿಗಿಂತ ದೊಡ್ಡದಾಗಿದೆ ಡಾಕ್ಟ್ರೇ" ಎನ್ನುವುದಕ್ಕಿಂತ ಆ ಚೀಟಿ ಹೆಚ್ಚು ಹೇಳುತ್ತದೆ.

ಗಂಟು ಎಲ್ಲಿದೆ ಎನ್ನುವುದೂ ಸುಳಿವು ಕೊಡುತ್ತದೆ. ತಲೆಯ ಹಿಂಭಾಗದಲ್ಲಿ, ಕತ್ತಿನ ಹಿಂದೆ ಇದ್ದರೆ ಕೂದಲು ಬಿಡಿಸಿ ನೋಡಿ: ಹೇನು, ಸೆಕೆಯ ಕುರು, ಹುಳಕಡ್ಡಿ. ದವಡೆಯ ಕೆಳಗಿದ್ದರೆ ಗಂಟಲು, ಇಲ್ಲವೇ ಹುಳುಕು ಹಲ್ಲು. ಎಡ ಕಂಕುಳಿನಲ್ಲಿ ಇದ್ದರೆ ಹುಟ್ಟಿದಾಗ ಎಡತೋಳಿಗೆ ಹಾಕಿದ ಬಿಸಿಜಿ (ಟಿಬಿ ತಡೆಯುವ) ಲಸಿಕೆಯ ಕಡೆ ಗಮನ ಕೊಡಿ. ಕೊರಳೆಲುಬಿನ ಮೇಲಿನ ಗುಳಿಯಲ್ಲಿ ಸಿಕ್ಕರೆ ಮಾತ್ರ ಎಷ್ಟೇ ಸಣ್ಣದಿದ್ದರೂ ತಡಮಾಡದೆ ತೋರಿಸಿ. ಕಿವಿಯ ಹಾಲೆಯೇ ಮೇಲಕ್ಕೆ ಎದ್ದ ಹಾಗೆ ಊದಿ ದವಡೆಯ ಮೂಲೆ ಕಾಣದಂತಾದರೆ ಅದು ದುಗ್ಧಗ್ರಂಥಿಯಲ್ಲ. ಹೆಚ್ಚಾಗಿ ಮಂಗನಬಾವು, ನಮ್ಮ ಕಡೆಯ ಕೆಪ್ಪಟರಾಯ. ಸರ್ಕಾರಿ ಲಸಿಕಾ ಪಟ್ಟಿಯ ಎಂಆರ್ (ದಡಾರ-ರುಬೆಲ್ಲಾ) ಚುಚ್ಚುಮದ್ದಿನಲ್ಲಿ ಮಂಗನಬಾವಿನ ಲಸಿಕೆ ಇಲ್ಲ, ಅದು ಎಂಎಂಆರ್‌ನಲ್ಲಿದೆ.

ಒಂದೇ ಬದಿ ಕೆಂಪಾಗಿ, ಬಿಸಿಯಾಗಿ, ಮುಟ್ಟಿದರೆ ಮಗು ಚೀರುವಂತಿದ್ದರೆ ಹೆಚ್ಚಾಗಿ ಬ್ಯಾಕ್ಟೀರಿಯಾ ಸೋಂಕು. ಅದಕ್ಕೆ ಆ್ಯಂಟಿಬಯೋಟಿಕ್ ಬೇಕು, ಕೀವು ಕಟ್ಟಿದರೆ ತೆಗೆಯಬೇಕಾಗುತ್ತದೆ. ಸುಣ್ಣ, ಬೆಲ್ಲ ಹಚ್ಚಿ "ಒಡೆಸುವ" ಪ್ರಯೋಗ ಬೇಡ, ಎಳೆ ಚರ್ಮ ಸುಡುತ್ತದೆ. ನೋವಿಲ್ಲದೆ, ಗಟ್ಟಿಯಾಗಿ, ಒಳಗೆ ಅಂಟಿದ ಹಾಗಿದ್ದು ಎರಡು ವಾರದಿಂದ ಬೆಳೆಯುತ್ತಲೇ ಇದ್ದರೆ, ಜೊತೆಗೆ ಎರಡು ವಾರ ಬಿಡದ ಜ್ವರ, ತೂಕ ಇಳಿಕೆ, ಬಿಳಿಚಿದ ಮೈ, ಕಾರಣವಿಲ್ಲದ ನೀಲಿ ಕಲೆ ಇದ್ದರೆ ರಕ್ತಪರೀಕ್ಷೆ, ಸ್ಕ್ಯಾನ್, ಸೂಜಿ ಹಾಕಿ ಮಾಡುವ ಪರೀಕ್ಷೆ ಬೇಕಾಗಬಹುದು. ಹಲವು ಗಂಟುಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ, ಮನೆಯಲ್ಲಿ ಯಾರಿಗಾದರೂ ಟಿಬಿ ಇದ್ದರೆ ಅದನ್ನು ಕೇಳುವ ಮೊದಲೇ ಹೇಳಿ. ಸರ್ಕಾರಿ ವ್ಯವಸ್ಥೆಯಲ್ಲಿ ಟಿಬಿ ಪರೀಕ್ಷೆ, ಔಷಧಿ ಎರಡೂ ಉಚಿತ. ಐದು ದಿನ ಜ್ವರ ಬಿಡದೆ ಕಣ್ಣು ಕೆಂಪು, ತುಟಿ ಒಡೆದು ಕೆಂಪು, ಮೈಮೇಲೆ ದದ್ದು, ಕೈಕಾಲು ಊತ ಸೇರಿದರೆ ಅದು ಕವಾಸಾಕಿ ಆಗಿರಬಹುದು. ಹೃದಯದ ರಕ್ತನಾಳಕ್ಕೆ ಹಾನಿ ಮಾಡುವ ಕಾಯಿಲೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಗಂಟು ಏನೆಂದು ತಿಳಿಯುವ ಮೊದಲೇ "ಊತ ಇಳಿಯಲಿ" ಎಂದು ಮೆಡಿಕಲ್‌ನಿಂದ ಸ್ಟೀರಾಯ್ಡ್ ಸಿರಪ್ ತಂದು ಕೊಡುವುದು ನನಗೆ ಎಲ್ಲಕ್ಕಿಂತ ಅಪಾಯದ ಕೆಲಸವಾಗಿ ಕಾಣುತ್ತದೆ. ರಕ್ತದ ಕ್ಯಾನ್ಸರ್ ಇದ್ದರೂ ಅದರಿಂದ ಗಂಟು ತಾತ್ಕಾಲಿಕವಾಗಿ ಕರಗಿ, ಪರೀಕ್ಷೆಯಲ್ಲಿ ಸಿಗದೆ ಹೋಗಬಹುದು.

ಇನ್ನು ಟಾನ್ಸಿಲ್. ಮೂರರಿಂದ ಏಳು ವರ್ಷದ ನಡುವೆ ಅದು ಬೆಳೆದು ದೊಡ್ಡದಾಗಿರುವುದೇ ಅದರ ಸ್ವಭಾವ, ಆಮೇಲೆ ತಾನಾಗಿ ಕುಗ್ಗುತ್ತದೆ. ಚಮಚದಿಂದ ನಾಲಿಗೆ ಒತ್ತಿ ಮೊಬೈಲ್ ಟಾರ್ಚಿನಲ್ಲಿ ನೋಡಿದಾಗ ಮಗುವಿಗೆ ವಾಕರಿಕೆ ಬರುತ್ತದಲ್ಲ, ಆ ಕ್ಷಣದಲ್ಲಿ ಎರಡೂ ಟಾನ್ಸಿಲ್ ನಡುವಿಗೆ ನೂಕಲ್ಪಟ್ಟು ಇದ್ದದ್ದಕ್ಕಿಂತ ದೊಡ್ಡದಾಗಿ ತೋರುತ್ತವೆ. ತಂದೆತಾಯಿ ಕಳಿಸುವ ಹೆಚ್ಚಿನ ಫೋಟೋಗಳು ಆ ಕ್ಷಣದವು. ನಿಜವಾಗಿ ನೋಡಬೇಕಾದದ್ದು ರಾತ್ರಿ. ವಾರಕ್ಕೆ ಮೂರು ರಾತ್ರಿಗಿಂತ ಹೆಚ್ಚು ಗೊರಕೆ, ನಡುವೆ ಉಸಿರು ನಿಂತು ಮತ್ತೆ ಏದುಸಿರು, ಕತ್ತು ಹಿಂದಕ್ಕೆ ಚಾಚಿ ಬಾಯಿ ತೆರೆದು ಮಲಗುವುದು, ತೂಕ ಏರದಿರುವುದು ಇದ್ದರೆ ವಿಡಿಯೋ ಮಾಡಿ. ಅಂಗಿ ಮೇಲೆತ್ತಿ ಮುಖ, ಎದೆ, ಹೊಟ್ಟೆ ಮೂರೂ ಕಾಣುವಂತೆ, ಸದ್ದು ಕೇಳಲು ಫ್ಯಾನ್ ಆರಿಸಿ, ಎರಡು ನಿಮಿಷ. ಮೂಗಿನ ಹಿಂದಿರುವ, ಟಾನ್ಸಿಲ್‌ನಂಥದೇ ಅಡಿನಾಯ್ಡ್ ಊದಿದ್ದರೂ ಇದೇ ಲಕ್ಷಣ, ಅದು ಬಾಯಿಂದ ಕಾಣುವುದಿಲ್ಲ.

ಆಪರೇಷನ್ನಿಗೆ ಮುಖ್ಯ ಕಾರಣ ಈ ಉಸಿರಿನ ತೊಂದರೆ. ಗಂಟಲು ನೋವಿಗಾದರೆ ಲೆಕ್ಕ ಬೇರೆ: ಒಂದು ವರ್ಷದಲ್ಲಿ 7, ಅಥವಾ ಸತತ ಎರಡು ವರ್ಷ ತಲಾ 5, ಅಥವಾ ಮೂರು ವರ್ಷ ತಲಾ 3 ಸಲ, ಪ್ರತಿ ಸಲವೂ ಜ್ವರವೋ ಕೀವೋ ದಾಖಲಾಗಿರಬೇಕು. ಬರೀ ಶೀತಕ್ಕೆ ಕೆಂಪಾದದ್ದು ಇದಕ್ಕೆ ಸೇರುವುದಿಲ್ಲ. ಮೂರು ವರ್ಷದೊಳಗಿನ ಮಕ್ಕಳಲ್ಲಿ ಸ್ಟ್ರೆಪ್ ಎಂಬ ಬ್ಯಾಕ್ಟೀರಿಯಾದ ಗಂಟಲು ಸೋಂಕು ಅಪರೂಪ, ಹೆಚ್ಚಿನವು ವೈರಸ್‌ನವು, ಹಾಗಾಗಿ ಹೆಚ್ಚಿನ ಗಂಟಲು ನೋವಿಗೆ ಆ್ಯಂಟಿಬಯೋಟಿಕ್ ಕೆಲಸವೇ ಮಾಡುವುದಿಲ್ಲ.

ಜ್ವರಕ್ಕೆ ಪ್ಯಾರಸಿಟಮಾಲ್ ತೂಕದ ಲೆಕ್ಕದಲ್ಲಿ, ಕಿಲೋಗೆ 15 ಮಿ.ಗ್ರಾಂ. 10 ಕಿಲೋ ಮಗುವಿಗೆ 150 ಮಿ.ಗ್ರಾಂ. 5 ಮಿ.ಲೀ.ಗೆ 125 ಎಂದಿರುವ ಬಾಟಲಿಯಲ್ಲಿ ಅದು 6 ಮಿ.ಲೀ., 250 ಎಂದಿದ್ದರೆ 3 ಮಿ.ಲೀ., 1 ಮಿ.ಲೀ.ಗೆ 100 ಇರುವ ಡ್ರಾಪ್ಸ್‌ನಲ್ಲಿ ಒಂದೂವರೆ ಮಿ.ಲೀ. ಬಾಟಲಿ ಬದಲಾದರೂ ಅಳತೆ ಬದಲಿಸದಿದ್ದರೆ ಎಡವಟ್ಟು. ಆರು ಗಂಟೆಯ ಅಂತರ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ.

ಜೊಲ್ಲು ನುಂಗಲಾಗದೆ ಸುರಿಯುವುದು, ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡಂಥ ದನಿ, ಕತ್ತು ತಿರುಗಿಸದಿರುವುದು, ಉಸಿರೆಳೆಯುವಾಗ ಪಕ್ಕೆ ಒಳಗೆ ಹೋಗುವುದು ಇದ್ದರೆ ಗಂಟಲು ನೋಡಲು ಹೋಗಬೇಡಿ, ಮಲಗಿಸಬೇಡಿ. 108ಕ್ಕೆ ಕರೆ ಮಾಡಿ ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡು ಸರ್ಕಾರಿ ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿಗೆ.

ಉಳಿದದ್ದು ಊಟ. ಕುಚಲಕ್ಕಿ ಗಂಜಿ ನುಣ್ಣಗೆ ಹಿಸುಕಿ, ಉಗುರುಬೆಚ್ಚಗೆ ಕೊಡಿ. ಕರಿಮೆಣಸಿನ ಕಷಾಯ ಎರಡು ವರ್ಷದ ಗಂಟಲಿಗೆ ಉರಿ, ಒಂದು ವರ್ಷದೊಳಗೆ ಜೇನು ಬೇಡವೇ ಬೇಡ. ಐಸ್‌ಕ್ರೀಮಿನಿಂದ ಟಾನ್ಸಿಲ್ ಬರುವುದಿಲ್ಲ, ನೋವಿದ್ದಾಗ ತಣ್ಣನೆಯದು ಹಿತವೇ. ಆದರೆ ನಮ್ಮ ಕಡೆಯ ಗಡ್‌ಬಡ್ ಐಸ್‌ಕ್ರೀಮ್ ತಿನ್ನಿಸುವುದಾದರೆ ಅದರಲ್ಲಿರುವ ಗೋಡಂಬಿ ಚೂರುಗಳನ್ನು ಹೆಕ್ಕಿ ತೆಗೆಯಿರಿ, ಈ ವಯಸ್ಸಿನಲ್ಲಿ ಅವು ಶ್ವಾಸನಾಳಕ್ಕೆ ಇಳಿದಾವು.